ಕಾಫಿ ಕೊಂಬೆಯಿಂದ ಕೊರಳ ಸರದವರೆಗೆ: ಕೈಕೆಲಸದ ಆಭರಣಕ್ಕೆ ಬಣ್ಣದ ಜೋಡಿ ಹುಡುಕುವ ಬಗೆ

ಮನೆಯಲ್ಲೇ ಕೂತು ಸರ, ಜುಮಕಿ, ಬಳೆ ಮಾಡುವವರಿಗೆ ಈಗ ಮಣಿಗಳ ಕೊರತೆಯಿಲ್ಲ. ಚಿಕ್ಕಮಗಳೂರು, ಹಾಸನದಂಥ ಊರುಗಳ ಫ್ಯಾನ್ಸಿ ಅಂಗಡಿಗಳಲ್ಲಿ ಸಿಗದದ್ದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೊರತೆಯಿರುವುದು ಯಾವ ಬಣ್ಣದ ಪಕ್ಕದಲ್ಲಿ ಯಾವುದನ್ನು ಇಡಬೇಕು, ಅದಕ್ಕಿಂತ ಮುಖ್ಯವಾಗಿ ಎಷ್ಟು ಇಡಬೇಕು ಎಂಬ ತೀರ್ಮಾನದಲ್ಲಿ. ಈ ತೀರ್ಮಾನಕ್ಕೆ ಹೆಚ್ಚಿನವರು ಫೋನ್ ತೆರೆದು ಬೇರೆಯವರು ಮಾಡಿದ ಸರಗಳನ್ನು ನೋಡುತ್ತಾರೆ. ಅಲ್ಲಿ ಕಾಣಿಸುವುದು ಮತ್ತೊಬ್ಬರು ಲೆಕ್ಕ ಮಾಡಿ ಮುಗಿಸಿದ ಉತ್ತರವೇ ಹೊರತು ಲೆಕ್ಕ ಮಾಡಿದ ದಾರಿಯಲ್ಲ. ಆದ್ದರಿಂದ ನಕಲು ಸುಲಭವಾಗುತ್ತದೆ, ಮುಂದಿನ ಸರಕ್ಕೆ ಮತ್ತೆ ಫೋನನ್ನೇ ಕೇಳಬೇಕಾಗುತ್ತದೆ.

ಈ ಮಾರ್ಗದರ್ಶಿಯಲ್ಲಿ ವಿವರಿಸಿರುವ ಕ್ರಮ ಬೇರೆ. ನಮ್ಮ ಸುತ್ತಲಿನ ಒಂದು ವಸ್ತುವನ್ನು ಆರಿಸಿಕೊಂಡು, ಅದರಲ್ಲಿರುವ ಬಣ್ಣಗಳನ್ನು ಮಾತ್ರವಲ್ಲದೆ ಅವುಗಳ ಪ್ರಮಾಣವನ್ನೂ ನೆರೆಹೊರೆಯನ್ನೂ ಅಳೆದು ಬರೆದುಕೊಂಡು, ಆ ಅಳತೆಯನ್ನೇ ಮಣಿಗೆ ಇಳಿಸುವುದು ಇಲ್ಲಿನ ವಿಧಾನ. ಚಿಕ್ಕಮಗಳೂರಿನ ತೋಟ, ಬೆಟ್ಟ, ಕೆರೆಗಳಿಂದಲೂ ನೆರೆಯ ಹಾಸನ ಜಿಲ್ಲೆಯ ಗುಡಿಗಳಿಂದಲೂ ಉದಾಹರಣೆಗಳನ್ನು ತೆಗೆದುಕೊಂಡಿದ್ದೇನೆ.

ಮೊದಲ ಹೆಜ್ಜೆ: ಕಿಂಡಿ ಕಾಗದ ಮತ್ತು ದಾರದ ಉಂಡೆಗಳು

ಅಂಗೈ ಅಗಲದ, ಬೂದು ಬಣ್ಣದ ದಪ್ಪ ಕಾಗದವೊಂದನ್ನು ತೆಗೆದುಕೊಂಡು ನಡುವೆ ಒಂದು ಸೆಂಟಿಮೀಟರಿನ ಚೌಕದ ಕಿಂಡಿ ಕತ್ತರಿಸಿಕೊಳ್ಳಿ. ಒಂದು ಕಣ್ಣು ಮುಚ್ಚಿ, ಈ ಕಿಂಡಿಯ ಮೂಲಕ ಎಲೆಯನ್ನೋ ಕಲ್ಲನ್ನೋ ನೋಡಿದಾಗ ಸುತ್ತಲಿನ ಬಣ್ಣಗಳ ಪ್ರಭಾವ ಕಳೆದು ಆ ಒಂದು ತುಣುಕಿನ ನಿಜವಾದ ಬಣ್ಣ ಕಾಣಿಸುತ್ತದೆ. ಕಾಫಿ ಎಲೆ ಹಸಿರು ಎಂದು ನಮಗೆ ಮೊದಲೇ ಗೊತ್ತಿರುವುದರಿಂದ ಕಣ್ಣು ಅದನ್ನು ಹಸಿರಾಗಿಯೇ ಕಾಣುತ್ತದೆ; ಮಧ್ಯಾಹ್ನದ ಬಿಸಿಲಿನಲ್ಲಿ ಕಿಂಡಿ ಹಿಡಿದರೆ ಅದೇ ಎಲೆಯ ಹೊಳಪಿನ ಭಾಗ ಹೆಚ್ಚುಕಡಿಮೆ ಬಿಳಿಯಾಗಿ, ಅದರ ಅಂಚು ನೀಲಿ ಬೆರೆತ ಬೂದಾಗಿ ತೋರುತ್ತದೆ. ಕಾಗದ ಬೂದು ಬಣ್ಣದ್ದೇ ಆಗಿರಬೇಕು. ಬಿಳಿ ಕಾಗದ ನಡುವಿನ ಬಣ್ಣವನ್ನು ಇದ್ದುದಕ್ಕಿಂತ ಗಾಢವಾಗಿ ತೋರಿಸುತ್ತದೆ, ಕಪ್ಪು ಕಾಗದ ತಿಳಿಯಾಗಿ ತೋರಿಸುತ್ತದೆ.

ಪಕ್ಕದ ಬಣ್ಣ ಕಣ್ಣನ್ನು ಹೀಗೆ ಮೋಸಗೊಳಿಸುವುದನ್ನು ಶಾಸ್ತ್ರೀಯವಾಗಿ ವಿವರಿಸಿದವರು ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ನಿರ್ದೇಶಕರಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್. ಕಪ್ಪು ನೂಲು ಮಂಕಾಗಿದೆಯೆಂಬ ದೂರು ಬಂದಾಗ ಅವರು ಪರೀಕ್ಷಿಸಿ, ತಪ್ಪು ಬಣ್ಣದ ಹಂಡೆಯಲ್ಲಿಲ್ಲ, ಕಪ್ಪಿನ ಪಕ್ಕ ನೇಯ್ದ ನೀಲಿ, ನೇರಳೆಯಂಥ ಬಣ್ಣಗಳಿಂದ ಹಾಗೆ ಕಾಣುತ್ತಿದೆ ಎಂದು ಕಂಡುಕೊಂಡು 1839ರಲ್ಲಿ ಅದನ್ನು ಪ್ರಕಟಿಸಿದರು. ಅಂಗಡಿಯಲ್ಲಿ ಚೆಂದ ಕಂಡ ಮಣಿ ಮನೆಗೆ ತಂದು ಪೋಣಿಸಿದ ಮೇಲೆ ಸಪ್ಪೆಯಾಗುವುದಕ್ಕೂ ಬಹುತೇಕ ಇದೇ ಕಾರಣ.

ಕಿಂಡಿ ಕಾಗದದ ಜೊತೆಗೆ ಒಂದು ನೋಟುಬುಕ್ಕು, ಹೊಲಿಗೆಯ ಬಣ್ಣದ ದಾರದ ಇಪ್ಪತ್ತು ಇಪ್ಪತ್ತೈದು ಉಂಡೆಗಳು, ವಿಸಿಟಿಂಗ್ ಕಾರ್ಡಿನಷ್ಟು ಅಗಲದ ರಟ್ಟಿನ ತುಂಡುಗಳು ಇದ್ದರೆ ಸಾಕು. ಬಣ್ಣದ ಪೆನ್ಸಿಲ್ಲುಗಳನ್ನು ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಅವುಗಳ ಗಾಢ ಬಣ್ಣಗಳು ಯಾವಾಗಲೂ ಪುಡಿಪುಡಿಯಾಗಿ, ಮಾಸಿದಂತೆ ಬರುತ್ತವೆ. ದಾರಕ್ಕೆ ಮಣಿಯಂತೆಯೇ ಸ್ವಲ್ಪ ಹೊಳಪಿರುತ್ತದೆ.

ಎರಡನೆಯ ಹೆಜ್ಜೆ: ಒಂದೇ ವಸ್ತು, ಒಂದೇ ಚೌಕಟ್ಟು

ಬೆಟ್ಟದ ಮೇಲೆ ನಿಂತು ಇಡೀ ಕಣಿವೆಯ ಚಿತ್ರ ತೆಗೆದುಕೊಂಡು ಬಂದರೆ ಆಭರಣಕ್ಕೆ ಪ್ರಯೋಜನವಾಗುವುದಿಲ್ಲ. ಕೊರಳಿನ ಸರ ಕೈಯಳತೆಯ ದೂರದಿಂದ ನೋಡುವ ವಸ್ತುವಾದ್ದರಿಂದ ಅದರ ಮೂಲವನ್ನೂ ಅಷ್ಟೇ ಹತ್ತಿರದಿಂದ ನೋಡಬೇಕು. ಕಾಫಿ ಸೀಮೆಯವರಿಗೆ ಇದಕ್ಕೆ ಅತ್ಯುತ್ತಮವಾದ ಪಾಠ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಅರೇಬಿಕಾ ಗಿಡದ ಒಂದೇ ಒಂದು ಕೊಂಬೆಯಲ್ಲಿದೆ.

ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆಯಷ್ಟೆ. ಆದರೆ ಮಳೆ ಒಂದೇ ಸಲ ಬೀಳುವುದಿಲ್ಲ, ಹೂವೂ ಒಂದೇ ಸಲ ಬಿಡುವುದಿಲ್ಲ. ಆದ್ದರಿಂದ ಹಣ್ಣಾಗುವ ಕಾಲಕ್ಕೆ ಒಂದೇ ಗೆಣ್ಣಿನಲ್ಲಿ ಹಸಿರು ಕಾಯಿ, ಹಳದಿಗೆ ತಿರುಗಿದ್ದು, ಕಿತ್ತಳೆಯಾದದ್ದು, ಕೆಂಪು ಹಣ್ಣು, ಕಪ್ಪಿಗೆ ಹತ್ತಿರವಾದ ಕಡುಗೆಂಪು ಹಣ್ಣು ಎಲ್ಲವೂ ಒತ್ತೊತ್ತಾಗಿ ಕೂತಿರುತ್ತವೆ. ಕಿಂಡಿ ಹಿಡಿದು ಒಂದು ಹಣ್ಣನ್ನು ನೋಡಿ: ಮೇಲ್ಭಾಗದಲ್ಲಿ ಬೆಳಕಿನ ಬಿಳಿ ಚುಕ್ಕೆ, ಅದರ ಸುತ್ತ ನಸುಗೆಂಪು, ಬದಿಯಲ್ಲಿ ತುಂಬು ಕೆಂಪು, ತೊಟ್ಟಿನ ಹತ್ತಿರ ಇನ್ನೂ ಬಿಡದೆ ಉಳಿದ ಹಳದಿ ಗೆರೆ, ಕೆಳಗೆ ಪಕ್ಕದ ಎಲೆಯ ಹಸಿರು ಪ್ರತಿಫಲಿಸಿ ಕಂದಾದ ನೆರಳು. ‘ಕೆಂಪು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಹಣ್ಣಿನಲ್ಲಿ ಐದು ಮಣಿಗಳಿಗಾಗುವಷ್ಟು ಬಣ್ಣವಿದೆ. (ತೋಟ ನಿಮ್ಮದಲ್ಲದಿದ್ದರೆ ಒಳಗೆ ಹೋಗುವ ಮುನ್ನ ಒಂದು ಮಾತು ಕೇಳಿ, ಕೊಯ್ಲಿನ ಹೊತ್ತಿನಲ್ಲಿ ಅಪರಿಚಿತರು ಗಿಡದ ಬಳಿ ಬಗ್ಗಿ ನಿಂತಿರುವುದನ್ನು ಯಾವ ಬೆಳೆಗಾರರೂ ಇಷ್ಟಪಡುವುದಿಲ್ಲ.)

ಇಲ್ಲೊಂದು ಮಾತು ಸೇರಿಸಬೇಕು. ಹುರಿದ ಕಾಫಿ ಬೀಜವನ್ನು ರೆಸಿನ್ ಎಂಬ, ಗಟ್ಟಿಯಾಗುವ ಪಾರದರ್ಶಕ ದ್ರವದಲ್ಲಿ ಮುಳುಗಿಸಿ ಪದಕ ಮಾಡುವವರಿದ್ದಾರೆ. ಪ್ರವಾಸಿಗರಿಗೆ ಅದು ನೆನಪಿನ ವಸ್ತುವಾಗಿ ಸರಿಹೋಗಬಹುದು, ಆದರೆ ಅಲ್ಲಿ ಬಳಕೆಯಾದದ್ದು ಕಾಫಿಯ ಬೀಜವೇ ವಿನಾ ಕಾಫಿ ಗಿಡದ ಬಣ್ಣಗಾರಿಕೆಯಲ್ಲ.

ಮೂರನೆಯ ಹೆಜ್ಜೆ: ನೂರು ಚೌಕಗಳ ಎಣಿಕೆ

ಈ ವಿಧಾನದ ಜೀವಾಳ ಇಲ್ಲಿದೆ. ಆ ಕೊಂಬೆಯ ಚಿತ್ರವೊಂದನ್ನು ಚೌಕಾಕಾರಕ್ಕೆ ಕತ್ತರಿಸಿ ಮುದ್ರಿಸಿಕೊಳ್ಳಿ, ಇಲ್ಲವೇ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಹತ್ತಕ್ಕೆ ಹತ್ತರಂತೆ ನೂರು ಚೌಕ ಗೀಚಿ ಫೋನಿನ ಪರದೆಯ ಮೇಲೆ ಇಟ್ಟುಕೊಳ್ಳಿ. ಪ್ರತಿ ಚೌಕದಲ್ಲೂ ಯಾವ ಬಣ್ಣ ಹೆಚ್ಚಾಗಿದೆಯೋ ಅದನ್ನು ಮಾತ್ರ ಗುರುತು ಹಾಕುತ್ತ ಹೋಗಿ. ಒಂದು ಮಾದರಿ ಲೆಕ್ಕ ಹೀಗಿರಬಹುದು: ಎಲೆಯ ಗಾಢ ಹಸಿರು 58, ಕಾಯಿಯ ತಿಳಿಹಸಿರು 14, ನೆರಳಿನ ಕಪ್ಪುಗಂದು 12, ಹಣ್ಣಿನ ಕೆಂಪು 9, ಕಿತ್ತಳೆ ಹಳದಿ 4, ಹೊಳಪಿನ ಬಿಳಿ 3.

ಈ ಲೆಕ್ಕವನ್ನು ನೋಡಿದವರಿಗೆ ಆಶ್ಚರ್ಯವಾಗುವುದು ಕೆಂಪಿನ ಪ್ರಮಾಣದಿಂದ. ಕೊಂಬೆಯನ್ನು ನೋಡುವಾಗ ಕಣ್ಣೆಲ್ಲ ಹಣ್ಣಿನ ಮೇಲೆಯೇ ಇರುವುದರಿಂದ ಅರ್ಧಕ್ಕರ್ಧ ಕೆಂಪಿದೆಯೆಂದು ಅನಿಸಿರುತ್ತದೆ, ಮತ್ತು ಅದೇ ಅನಿಸಿಕೆಯ ಮೇಲೆ ಐವತ್ತು ಕೆಂಪು, ಐವತ್ತು ಹಸಿರು ಮಣಿ ಸೇರಿಸಿ ಪೋಣಿಸಿದ ಸರ ಹಬ್ಬದ ತೋರಣದಂತಾಗುತ್ತದೆ. ಕೆಂಪು ಎದ್ದು ಕಾಣುವುದು ಅದು ಕಡಿಮೆ ಇರುವುದರಿಂದಲೇ. ನಮ್ಮ ಅಜ್ಜಿಯಂದಿರ ಕೊರಳಿನ ಹವಳ ಬೆರೆತ ಕರಿಮಣಿ ಸರದಲ್ಲೂ ಇದೇ ಲೆಕ್ಕವಿತ್ತು. ಉದ್ದಕ್ಕೂ ಕಪ್ಪು, ನಡುನಡುವೆ ಬೆರಳೆಣಿಕೆಯ ಹವಳ.

ನೂರರ ಲೆಕ್ಕವನ್ನು ಆರಿಸಿಕೊಂಡಿದ್ದಕ್ಕೆ ಇನ್ನೊಂದು ಅನುಕೂಲವೂ ಇದೆ. ನಾಲ್ಕು ಮಿಲಿಮೀಟರಿನ ನೂರು ಮಣಿಗಳನ್ನು ಪೋಣಿಸಿದರೆ ನಲವತ್ತು ಸೆಂಟಿಮೀಟರ್, ಅಂದರೆ ಸುಮಾರು ಹದಿನಾರು ಇಂಚಿನ, ಕೊರಳಿಗೆ ಒಪ್ಪವಾಗಿ ಕೂರುವ ಸರವಾಗುತ್ತದೆ. ಆದ್ದರಿಂದ ಚೌಕದ ಲೆಕ್ಕವೇ ಮಣಿಯ ಲೆಕ್ಕ. ಅಂಗಡಿಗೆ ಹೋಗುವ ಚೀಟಿಯೂ ಅದೇ.

ಇನ್ನು ಹರಡುವ ಕ್ರಮ. ಒಂಬತ್ತು ಕೆಂಪು ಮಣಿಗಳನ್ನು ಸಮಾನ ಅಂತರದಲ್ಲಿ ಇಟ್ಟರೆ ಲೆಕ್ಕ ಸರಿಯಾಗಿದ್ದರೂ ಕೊಂಬೆ ಮಾಯವಾಗುತ್ತದೆ. ಗಿಡದಲ್ಲಿ ಹಣ್ಣು ಗೆಣ್ಣಿಗೆ ಗುಂಪಾಗಿ ಕಟ್ಟುತ್ತದೆ, ಗೆಣ್ಣುಗಳ ನಡುವೆ ಎಲೆ ಮಾತ್ರ ಇರುತ್ತದೆ. ಆದ್ದರಿಂದ ಕೆಂಪನ್ನು ನಾಲ್ಕು, ಮೂರು, ಎರಡರ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿನ ಒಂದು ಬದಿಗೆ ಕಿತ್ತಳೆ, ಇನ್ನೊಂದು ಬದಿಗೆ ತಿಳಿಹಸಿರು ಇಟ್ಟು, ದೊಡ್ಡ ಗುಂಪನ್ನು ನಡುಗೊರಳಿನಿಂದ ಸ್ವಲ್ಪ ಬದಿಗೆ ಸರಿಸಿದರೆ ಸರಕ್ಕೆ ಜೀವ ಬರುತ್ತದೆ.

ಮಣಿ ಕೊಳ್ಳುವ ಮೊದಲು ಇದೇ ಪ್ರಮಾಣವನ್ನು ರಟ್ಟಿನ ತುಂಡಿನ ಮೇಲೆ ದಾರದಲ್ಲಿ ಸುತ್ತಿ ನೋಡಿ. ಐವತ್ತೆಂಟು ಸುತ್ತು ಕಡುಹಸಿರು, ಹದಿನಾಲ್ಕು ಸುತ್ತು ತಿಳಿಹಸಿರು, ಹೀಗೆ. ಒಂದರ ಪಕ್ಕ ಒಂದು ಒತ್ತಾಗಿ ಕೂತ ದಾರಗಳು ಪೋಣಿಸಿದ ಸರದ ನೋಟಕ್ಕೆ ತುಂಬ ಹತ್ತಿರವಾಗಿರುತ್ತವೆ, ಖರ್ಚು ಮಾತ್ರ ಹತ್ತು ನಿಮಿಷದ ಹೊತ್ತು. ಕ್ರಮ ಬದಲಿಸಬೇಕೆನಿಸಿದರೆ ಬಿಚ್ಚಿ ಮತ್ತೆ ಸುತ್ತಬಹುದು.

ನಾಲ್ಕನೆಯ ಹೆಜ್ಜೆ: ಬಣ್ಣ ತೆಗೆದು ನೋಡುವುದು

ದಾರ ಸುತ್ತಿದ ರಟ್ಟಿನ ಚಿತ್ರ ತೆಗೆದು ಫೋನಿನಲ್ಲೇ ಅದನ್ನು ಕಪ್ಪು ಬಿಳುಪಿಗೆ ಬದಲಿಸಿ. ಹಣ್ಣಿನ ಕೆಂಪೂ ಎಲೆಯ ಹಸಿರೂ ಬಹಳಷ್ಟು ಸಲ ಒಂದೇ ಬೂದಾಗಿ ಕಲಸಿಹೋಗುವುದನ್ನು ನೋಡುತ್ತೀರಿ. ಬಣ್ಣ ಬೇರೆಯಾದರೂ ಅವುಗಳ ತಿಳಿ–ಗಾಢದ ಮಟ್ಟ ಒಂದೇ ಆಗಿರುವುದೇ ಇದಕ್ಕೆ ಕಾರಣ. ಇಂಥ ಎರಡು ಬಣ್ಣಗಳು ನೇರವಾಗಿ ತಾಗಿದರೆ ಹತ್ತಿರದಿಂದ ಕಣ್ಣು ಕುಕ್ಕುತ್ತವೆ, ನಾಲ್ಕು ಅಡಿ ದೂರಕ್ಕೆ ಹೋದರೆ ಮಂಕಾಗಿ ಬೆರೆತುಹೋಗುತ್ತವೆ.

ಕೆಂಪು ಹಸಿರು ಕಲ್ಲಿನ ಸಾಂಪ್ರದಾಯಿಕ ಜುಮಕಿ, ಪದಕಗಳನ್ನು ಒಮ್ಮೆ ಈ ದೃಷ್ಟಿಯಿಂದ ಪರಿಶೀಲಿಸಿ. ಅಲ್ಲಿ ಕೆಂಪು ಕಲ್ಲು ಹಸಿರು ಕಲ್ಲನ್ನು ಮುಟ್ಟುವುದಿಲ್ಲ. ಪ್ರತಿ ಕಲ್ಲಿನ ಸುತ್ತಲೂ ಚಿನ್ನದ ಕಟ್ಟು ಇರುತ್ತದೆ, ಅಂಚಿಗೆ ಮುತ್ತು ಇರುತ್ತದೆ. ಕಲ್ಲನ್ನು ಹಿಡಿದಿಡುವುದಕ್ಕೆ ಆ ಕಟ್ಟು ಬೇಕೇ ಬೇಕು, ನಿಜ. ಆದರೆ ಅದೇ ಕಟ್ಟು ಎರಡು ಸಮಾನ ಗಾಢತೆಯ ಬಣ್ಣಗಳ ನಡುವೆ ತಿಳಿ ಬಣ್ಣದ ಗೆರೆಯಾಗಿಯೂ ಕೆಲಸ ಮಾಡುತ್ತದೆ. ಮಣಿ ಸರದಲ್ಲಿ ಆ ಕೆಲಸವನ್ನು ಚಿಕ್ಕ ಹಿತ್ತಾಳೆ ಗುಂಡು, ಮುತ್ತಿನ ಬಣ್ಣದ ಮಣಿ ಅಥವಾ ನಮ್ಮ ಲೆಕ್ಕದಲ್ಲಿದ್ದ ಮೂರು ಹೊಳಪಿನ ಬಿಳಿಗಳಿಗೆ ವಹಿಸಬಹುದು.

ಐದನೆಯ ಹೆಜ್ಜೆ: ಮೂಲಗಳನ್ನು ವಿಸ್ತರಿಸುವುದು

ಕೊಂಬೆಯ ಲೆಕ್ಕ ಕೈಹತ್ತಿದ ಮೇಲೆ ಬೇರೆ ಮೂಲಗಳಿಗೆ ಹೋಗಬಹುದು. ಎಲ್ಲ ಮೂಲವೂ ಒಂದೇ ಪಾಠ ಹೇಳುವುದಿಲ್ಲ. ಒಂದೊಂದರಿಂದ ಒಂದೊಂದನ್ನು ಮಾತ್ರ ಕೇಳಬೇಕು.

ಬೇಲೂರು, ಹಳೇಬೀಡಿನ ಗುಡಿಗಳಿಗೆ ಬಣ್ಣಕ್ಕಾಗಿ ಹೋಗಿ ಎಂದರೆ ವಿಚಿತ್ರವೆನಿಸಬಹುದು, ಏಕೆಂದರೆ ಅಲ್ಲಿರುವುದು ಒಂದೇ ಬಣ್ಣದ ಬಳಪದ ಕಲ್ಲು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲ, ಹಳೇಬೀಡಿನ ಹೊಯ್ಸಳೇಶ್ವರ ದೇಗುಲ ಮತ್ತು ಸೋಮನಾಥಪುರದ ಕೇಶವ ದೇಗುಲ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೇಲೂರಿನ ಮದನಿಕೆಯೊಬ್ಬಳ ಕೊರಳಿನ ಹಾರವನ್ನು ಕಿಂಡಿ ಕಾಗದದಿಂದ ನೋಡಿ. ಮಣಿಯ ಉಬ್ಬು ತಿಳಿ ಬೂದು, ಬದಿ ಹಸಿರು ಬೆರೆತ ಬೂದು, ಮಣಿ ಮಣಿಯ ನಡುವೆ ಆಳವಾಗಿ ಕೊರೆದ ಸಂದು ಸಂಪೂರ್ಣ ಕಪ್ಪು. ಶಿಲ್ಪಿ ಬಣ್ಣವಿಲ್ಲದೆ ನೆರಳಿನಿಂದಲೇ ಮೂರು ಬಣ್ಣದ ಸರ ಮಾಡಿದ್ದಾನೆ. ಒಳಗೆ ನವರಂಗವೆಂಬ ನಡುಮಂಟಪದಲ್ಲಿ ನಯಗೊಳಿಸಿದ ಕಂಬಗಳು ಅದೇ ಜಾತಿಯ ಕಲ್ಲಿನವಾದರೂ ಹೊರಗೋಡೆಗಿಂತ ಬಹಳ ಕಪ್ಪಾಗಿ, ಆಳವಾಗಿ ಕಾಣುತ್ತವೆ. ಇದರಿಂದ ಕಲಿಯಬೇಕಾದದ್ದು ಒಂದೇ ಬಣ್ಣದ ಸರ ಮಾಡುವ ಬಗೆ: ಬೂದು ಹಸಿರಿನ ಮ್ಯಾಟ್ (ಹೊಳಪಿಲ್ಲದ) ಮಣಿ, ಅದೇ ಬಣ್ಣದ ಹೊಳಪಿನ ಮಣಿ, ನಡುವೆ ಎರಡು ಮಿಲಿಮೀಟರಿನ ಕರಿಮಣಿ. ಇಂಥ ಸರಕ್ಕೆ ಆಕ್ಸಿಡೈಸ್ಡ್, ಅಂದರೆ ಕಪ್ಪಾಗಿಸಿದ, ಬೆಳ್ಳಿ ಹೊಂದುತ್ತದೆ. ಹೊಳೆಯುವ ಹಳದಿ ಲೋಹ ಸೇರಿಸಿದರೆ ಕಣ್ಣು ಅದರ ಮೇಲೆಯೇ ನಿಲ್ಲುತ್ತದೆ.

ಶ್ರವಣಬೆಳಗೊಳದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ, ಕಳೆದ ಸಲ 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕದ ಚಿತ್ರಗಳನ್ನು ಸಾಲಾಗಿ ಇಟ್ಟುಕೊಂಡರೆ ಬಣ್ಣ ಮೆಲ್ಲಗೆ ಏರುವ ಕ್ರಮ ತಿಳಿಯುತ್ತದೆ. ಗೊಮ್ಮಟನ ಬೂದು ಕಲ್ಲಿನ ಮೇಲೆ ಹಾಲಿನ ಬಿಳಿ, ಕಬ್ಬಿನ ಹಾಲಿನ ಮಬ್ಬು, ಅರಿಶಿನದ ಹಳದಿ, ಚಂದನದ ಕಂದು ಒಂದಾದ ಮೇಲೊಂದು ಇಳಿಯುತ್ತವೆ. ಹಿಂದಿನ ಬಣ್ಣ ಪೂರ್ತಿ ತೊಳೆದುಹೋಗುವ ಮುನ್ನ ಮುಂದಿನದು ಬರುವುದರಿಂದ ಎರಡರ ನಡುವೆ ಮೂರನೆಯ ಬಣ್ಣವೊಂದು ಹುಟ್ಟುತ್ತದೆ. ಬಿಳಿಯಿಂದ ಚಂದನದವರೆಗೆ ಏರುವ ಸರ ಮಾಡುವಾಗ ಆ ನಡುವಿನ ಬಣ್ಣಗಳನ್ನು ಬಿಡಬಾರದು. ಬಿಟ್ಟರೆ ಏರಿಳಿತದ ಬದಲು ಪಟ್ಟೆ ಕಾಣುತ್ತದೆ.

ಗದ್ದೆ ಬದಿಯಲ್ಲೋ ಅಯ್ಯನಕೆರೆಯಂಥ ಕೆರೆಯ ದಡದಲ್ಲೋ ತಂತಿಯ ಮೇಲೆ ಕೂತ ಗದ್ದೆ ಮಿಂಚುಳ್ಳಿಯನ್ನು ಗಮನಿಸಿ: ತಲೆ, ಹೊಟ್ಟೆ ಚಾಕಲೇಟ್ ಕಂದು, ಬೆನ್ನು ಹೊಳೆಯುವ ನೀಲಿ, ಎದೆ ಬಿಳಿ, ಕೊಕ್ಕು ಕೆಂಪು. ಕಂದು ಇಲ್ಲದಿದ್ದರೆ ಆ ನೀಲಿಗೆ ಅಷ್ಟು ತೇಜಸ್ಸು ಇರುತ್ತಿರಲಿಲ್ಲ. ನೀಲಿ ಮಣಿ ಕೈಗೆತ್ತಿಕೊಂಡಾಗಲೆಲ್ಲ ಬಿಳಿಯನ್ನೇ ಜೋಡಿ ಮಾಡುವವರು ಒಮ್ಮೆ ಕಂದನ್ನು ಇಟ್ಟು ನೋಡಬೇಕು.

ಚಂದ್ರದ್ರೋಣ ಪರ್ವತ ಸಾಲಿನಲ್ಲಿ 2022ರಲ್ಲಿ ನೀಲಕುರಿಂಜಿ ಅರಳಿದಾಗ ದೂರದಿಂದ ಗುಡ್ಡವೇ ನೇರಳೆ ನೀಲಿಯಾಗಿ ಕಂಡಿತು. ಹತ್ತಿರ ಹೋದರೆ ಹೂವು, ಹಸಿರು ಎಲೆ, ಕಂದು ಕಡ್ಡಿ ಬೇರೆ ಬೇರೆ. ಹನ್ನೊಂದು ನಂಬರಿನ ಸಣ್ಣ ಸೀಡ್ ಮಣಿಗಳು ಸುಮಾರು ಎರಡು ಮಿಲಿಮೀಟರ್ ಇರುವುದರಿಂದ ಅವೂ ಹೀಗೆಯೇ ದೂರದಿಂದ ಬೆರೆಯುತ್ತವೆ. ಆದ್ದರಿಂದ ಸಣ್ಣ ಮಣಿಯ ನೇಯ್ಗೆಯಲ್ಲಿ ಬೇಕಾದ ನೇರಳೆ ಸಿಗದಿದ್ದರೆ ನೀಲಿ, ಗುಲಾಬಿ ಮಣಿಗಳನ್ನು ಬೆರೆಸಿ ಅದನ್ನು ಹುಟ್ಟಿಸಬಹುದು. ದೊಡ್ಡ ಮಣಿಯಲ್ಲಿ ಈ ಉಪಾಯ ನಡೆಯುವುದಿಲ್ಲ.

ಕೊನೆಗೆ ಪೇಟೆಯ ಹೂವಿನ ಅಂಗಡಿ. ಕನಕಾಂಬರ, ಮಲ್ಲಿಗೆ, ಮರುಗವನ್ನು ಬಾಳೆನಾರಿನಲ್ಲಿ ಕಟ್ಟುವವರ ಕೈ ಗಮನಿಸಿದರೆ ಪುನರಾವರ್ತನೆಯ ಲಯ ತಿಳಿಯುತ್ತದೆ. ಒಂದು ಮಾರು ಹೂವಿನಲ್ಲಿ ಮರುಗದ ಹಸಿರು ಎಷ್ಟು ಸಲ, ಎಷ್ಟು ಅಂತರಕ್ಕೆ ಬರುತ್ತದೆಂದು ಎಣಿಸಿ ಬರೆದುಕೊಳ್ಳಿ. ಉದ್ದ ಸರಕ್ಕೆ ಅದು ಸಿದ್ಧ ನಕ್ಷೆ.

ಆರನೆಯ ಹೆಜ್ಜೆ: ಬಣ್ಣದಿಂದ ವಸ್ತುವಿಗೆ

ದಾರದಲ್ಲಿ ಒಪ್ಪಿದ ಬಣ್ಣ ಮಣಿಯಲ್ಲಿ ಹಾಗೆಯೇ ಬರಬೇಕಾದರೆ ಮಣಿಯ ಸ್ವಭಾವ ತಿಳಿದಿರಬೇಕು. ಪಾರದರ್ಶಕ ಗಾಜಿನ ಮಣಿಯೊಳಗೆ ಹಾಯುವ ದಾರದ ಬಣ್ಣ ಹೊರಗೆ ಕಾಣುತ್ತದೆ. ಬಿಳಿ ದಾರ ಹಾಕಿದರೆ ಮಣಿ ತಿಳಿಯಾಗುತ್ತದೆ, ಕಪ್ಪು ಹಾಕಿದರೆ ಗಾಢವಾಗುತ್ತದೆ. ಕಾಫಿ ಹಣ್ಣಿನ ಕೆಂಪಿಗೆ ಪಾರದರ್ಶಕ ಕೆಂಪು ಮಣಿಯೂ ಕಂದು ದಾರವೂ ಸೇರಿದರೆ ಹಣ್ಣಿನ ಒಳಗಿನಿಂದ ಬರುವಂಥ ಆಳ ಸಿಗುತ್ತದೆ, ಅಪಾರದರ್ಶಕ ಕೆಂಪು ಮಣಿಗೆ ಆ ಆಳವಿಲ್ಲ. ಒಳಗೆ ಬೆಳ್ಳಿ ಲೇಪವಿರುವ ಮಣಿ ದೀಪದಂತೆ ಹೊಳೆಯುವುದರಿಂದ ಅದನ್ನು ಹೊಳಪಿನ ಚುಕ್ಕೆಗಳ ಜಾಗಕ್ಕೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಜೇಡಿಮಣ್ಣಿನ ಆಭರಣಕ್ಕೆ ಅಕ್ರಿಲಿಕ್ ಬಳಿಯುವವರು ಅದು ಒಣಗಿದ ಮೇಲೆ ಒಂದು ಮಟ್ಟ ಗಾಢವಾಗುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ರೇಷ್ಮೆ ದಾರ ಸುತ್ತುವ ಬಳೆಗಳಲ್ಲಿ ದಾರದ ಎಳೆಗಳು ಎಲ್ಲೂ ಅಡ್ಡಾದಿಡ್ಡಿಯಾಗದೆ ಒಂದೇ ದಿಕ್ಕಿಗೆ ಮಲಗಿರಬೇಕು, ಇಲ್ಲದಿದ್ದರೆ ಒಂದೇ ದಾರ ಎರಡು ಬಣ್ಣವಾಗಿ ಕಾಣುತ್ತದೆ. ಲೋಹವೂ ಒಂದು ಬಣ್ಣವೆಂಬುದನ್ನು ಮರೆತು ಕೊಂಡಿ, ಸರಪಳಿಗಳನ್ನು ಕೊನೆಗೆ ಕೈಗೆ ಸಿಕ್ಕಿದ್ದನ್ನು ಹಾಕುವ ರೂಢಿಯಿದೆ. ನೂರು ಚೌಕಗಳಲ್ಲಿ ಹಳದಿ, ಕಿತ್ತಳೆ, ಕಂದು ಕಾಣಿಸಿದ್ದರೆ ಹಿತ್ತಾಳೆ ಅಥವಾ ತಾಮ್ರ, ನೀಲಿ, ಬೂದು, ನೇರಳೆ ಇದ್ದರೆ ಬೆಳ್ಳಿ ಎಂಬುದು ಆರಂಭಕ್ಕೆ ಸಾಕಾಗುವ ನಿಯಮ.

ಏಳನೆಯ ಹೆಜ್ಜೆ: ಬೆಳಕಿನ ಪರೀಕ್ಷೆ

ಪೂರ್ತಿ ಸರ ಪೋಣಿಸುವ ಮುನ್ನ ಐದು ಸೆಂಟಿಮೀಟರಿನ ತುಂಡೊಂದನ್ನು ಮಾಡಿ ಮೂರು ಬೆಳಕಿನಲ್ಲಿ ನೋಡಿ: ಕಿಟಕಿಯ ಹಗಲು ಬೆಳಕು, ಮನೆಯ ಟ್ಯೂಬ್‌ಲೈಟ್, ಮದುವೆ ಮಂಟಪದಲ್ಲಿರುವಂಥ ಹಳದಿ ಬಲ್ಬು. ಹಳದಿ ಬೆಳಕಿನಲ್ಲಿ ಕೆಂಪು, ಕಿತ್ತಳೆ ಮೆರೆಯುತ್ತವೆ, ನೀಲಿ ಮಂಕಾಗುತ್ತದೆ, ನೇರಳೆ ಕಂದಿನತ್ತ ವಾಲುತ್ತದೆ. ಹಗಲಿನಲ್ಲಿ ಒಂದೇ ಬಣ್ಣವಾಗಿ ಕಂಡ ಎರಡು ಬೇರೆ ಬೇರೆ ತಯಾರಿಕೆಯ ಮಣಿಗಳು ದೀಪದಡಿ ಬೇರೆಯಾಗಿ ಕಾಣುವುದೂ ಉಂಟು. ಮದುವೆಗೆಂದು ಮಾಡುವ ಸರವನ್ನು ಮಂಟಪದ ಬೆಳಕಿನಲ್ಲೇ ತೀರ್ಮಾನಿಸಬೇಕು, ಕಚೇರಿಗೆ ಹಾಕಿಕೊಂಡು ಹೋಗುವುದನ್ನು ಟ್ಯೂಬ್‌ಲೈಟಿನಲ್ಲಿ.

ಮೂಲ ವಸ್ತುವನ್ನು ನೋಡುವ ಬೆಳಕಿಗೂ ಇದೇ ಎಚ್ಚರ ಬೇಕು. ಮಲೆನಾಡಿನ ಮಳೆಗಾಲವನ್ನು ಬಣ್ಣಗೆಟ್ಟ ಕಾಲವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೋಡ ಕವಿದ ಬೆಳಕಿನಲ್ಲಿ ಗಟ್ಟಿ ನೆರಳೂ ಇಲ್ಲ, ಎಲೆಯ ಮೇಲಿನ ಬಿಳಿ ಹೊಳಪೂ ಇಲ್ಲ. ನೆನೆದ ತೊಗಟೆ, ಪಾಚಿ, ಕಲ್ಲು ಒಣಗಿದಾಗ ತೋರಿಸದ ಆಳವನ್ನು ತೋರಿಸುತ್ತವೆ, ಜುಲೈ ತಿಂಗಳಿನಲ್ಲಿ ಸಿಲ್ವರ್ ಓಕ್ ಮರದ ಕಾಂಡದ ಮೇಲೆ ಎಣಿಸಿದರೆ ಹಸಿರೇ ಐದಾರು ಬಗೆ ಸಿಗುತ್ತವೆ.

ತುಂಡನ್ನು ತೊಡುವವರ ಚರ್ಮದ ಮೇಲೆ ಮತ್ತು ಸೀರೆಯ ಮೇಲೆ ಇಟ್ಟು ನೋಡುವುದೂ ಇದೇ ಹಂತದ ಕೆಲಸ. ಬೂದು ಕಾಗದದ ಮೇಲೆ ಒಪ್ಪಿದ್ದು ಗೋಧಿ ಬಣ್ಣದ ಕೊರಳಿನ ಮೇಲೆ ಬೇರೆಯಾಗಿ ಕಾಣಬಹುದು. ಮುಖ್ಯವಾಗಿ ಕಂದು, ತಿಳಿಗಂದಿನಂಥ ಬಣ್ಣಗಳು ಚರ್ಮದಲ್ಲಿ ಕರಗಿಹೋಗುತ್ತವೆ. ಹಾಗಾದಾಗ ಅವುಗಳನ್ನು ಒಂದು ಮಟ್ಟ ಗಾಢ ಮಾಡಿಕೊಂಡರೆ ಸಾಕು, ಇಡೀ ಜೋಡಿಯನ್ನು ಕೈಬಿಡಬೇಕಾಗಿಲ್ಲ.

ದಾಖಲೆ ಮತ್ತು ಖರೀದಿ

ದಾರ ಸುತ್ತಿದ ರಟ್ಟಿನ ಹಿಂಬದಿಗೆ ಮೂಲ ವಸ್ತು, ತಿಂಗಳು, ಹೊತ್ತು, ನೂರರ ಲೆಕ್ಕ, ಬಳಸಿದ ಲೋಹ ಇಷ್ಟನ್ನು ಬರೆದು ಡಬ್ಬಿಯೊಂದರಲ್ಲಿ ಜೋಡಿಸಿಡಿ. ದಾರಕ್ಕೆ ಬಿಸಿಲು ತಾಗದಿರಲಿ. ಕಿಟಕಿಯ ಪಕ್ಕ ಗೋಡೆಗೆ ಅಂಟಿಸಿದರೆ ನೋಡಲು ಚೆಂದ, ಆದರೆ ಕೆಲವೇ ತಿಂಗಳಲ್ಲಿ ಕೆಂಪು, ಗುಲಾಬಿಗಳು ಮಾಸುತ್ತವೆ. ಮಣಿ ಕೊಳ್ಳುವಾಗ ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒಂದೆರಡು ಮಣಿಗಳನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ, ಆಮೇಲೆ ಹತ್ತಿಗೆ ನೇಲ್ ಪಾಲಿಶ್ ತೆಗೆಯುವ ದ್ರವ ಹಾಕಿ ಒರೆಸಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅದು ಮೇಲೆ ಬಳಿದ ಬಣ್ಣ, ಬೆವರಿಗೆ ಉಳಿಯುವುದಿಲ್ಲ. ಒಂದು ತಯಾರಿಕೆಯ ಕೆಂಪಿಗೂ ಮುಂದಿನ ತಯಾರಿಕೆಯ ಕೆಂಪಿಗೂ ವ್ಯತ್ಯಾಸ ಬರುವುದು ಸಾಮಾನ್ಯವಾದ್ದರಿಂದ ಸರ, ಓಲೆ, ಬಳೆ ಮೂರಕ್ಕೂ ಬೇಕಾಗುವ ಮಣಿಯನ್ನು ಲೆಕ್ಕ ಹಾಕಿ ಒಂದೇ ಪ್ಯಾಕೆಟ್ಟಿನಿಂದ ತೆಗೆದುಕೊಂಡು, ಕಿತ್ತುಹೋದಾಗ ಸೇರಿಸಲು ಹತ್ತು ಮಣಿಗಳನ್ನು ಆ ರಟ್ಟಿಗೇ ಪೊಟ್ಟಣ ಕಟ್ಟಿ ಅಂಟಿಸಿಡಿ.